ಕರುವಿನ ಪಾಲು

ಹೊಟ್ಟೆ ಉಬ್ಬಿ ಸತ್ತ ಎಳೆಗರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಲ್ಲಿಗಮ್ಮ ಕೊಟ್ಟಿಗೆಯಲ್ಲಿ ಕುಳಿತಿದ್ದಳು. ಮೈಸೂರಿನಿಂದ ಬೆಳಕವಾಡಿಗೆ ಹೊಸದಾಗಿ ಬಂದ ಸೊಸೆ ಗಗನ ಬಾಗಿಲಲ್ಲೇ ನಿಂತಳು.

ಕರುವನ್ನು ತಾಯಿಯಿಂದ ದೂರ ಕಟ್ಟುವುದು ಅವಳಿಗೆ ಕ್ರೌರ್ಯವಾಗಿ ಕಂಡಿತ್ತು. "ಹಾಲು ಅದರದ್ದಲ್ವಾ ಅತ್ತೆ?" ಎಂದು ಕೇಳಿದ್ದಳು. "ಜಾಸ್ತಿ ಕುಡುದ್ರೆ ತಡ್ಕಳಾಕಿಲ್ಲ ಕಣಮ್ಮ" ಎಂದು ಅತ್ತೆ ನಕ್ಕಿದ್ದಳು. ಡೈರಿಗೆ ಹಾಲು ಹಾಕುವವರ ನೆಪವೆಂದುಕೊಂಡ ಗಗನ, ಅತ್ತೆ ಗದ್ದೆಗೆ ಹೋದ ಮೇಲೆ ಹಗ್ಗ ಬಿಚ್ಚಿದ್ದಳು. ಕರು ಬಾಲ ಅಲ್ಲಾಡಿಸುತ್ತಾ ಕುಡಿಯುವುದನ್ನು ಕಂಡು ಹಿಗ್ಗಿದ್ದಳು.

"ಅತ್ತೆ, ಅದು..." ಗಗನಳಿಗೆ ಅಳು ಬಂತು.

"ನೀನ್ಯಾಕಮ್ಮ ಅಳ್ತೀಯಾ? ಅವಸ್ರದಲ್ಲಿ ಗಂಟು ಬಿಗಿಯಾಗಿ ಆಕ್ನಿಲ್ಲ ನಾನು. ನಾನೇ ಕೊಂದ್ಬುಟ್ಟೆ ಕಣಮ್ಮ!" ಮಲ್ಲಿಗಮ್ಮ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಗಗನ ಓಡಿಹೋಗಿ ಆ ಕೈಯನ್ನು ಹಿಡಿದುಕೊಂಡಳು. ಬಾಯಿ ಮಾತ್ರ ತೆರೆಯಲಿಲ್ಲ.