ನಂಟು ವರ್ಗಾವಣೆ

ನಂಟು ವರ್ಗಾವಣೆ ಕೇಂದ್ರದ ಕೌಂಟರಿನಲ್ಲಿ ಎಂಟು ವರ್ಷದಿಂದ ಕೂತಿದ್ದೇನೆ. ಮಗುವಿಗೆ ಒಬ್ಬರ ಮೇಲಿರುವ ನಂಟನ್ನು ಯಂತ್ರದಿಂದ ಇನ್ನೊಬ್ಬರಿಗೆ ದಾಟಿಸಿಕೊಡುವುದು ನಮ್ಮ ಕೆಲಸ. ಮಗುವಿನ ಮೊದಲ ಹುಟ್ಟುಹಬ್ಬದ ಹಿಂದಿನ ದಿನ ಓಡಿಬರುವ ತಾಯಂದಿರು ನನಗೆ ಹೊಸಬರಲ್ಲ. ಇವತ್ತು ಬಂದವರು ಸುಚೇತಾ ಮೇಡಂ. ಮಗು ಮಾತ್ರ ಅದನ್ನು ಸಾಕಿದ ಆಯಾ ತಿಪ್ಪಕ್ಕನ ಸೊಂಟದ ಮೇಲೆ, ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿತ್ತು.

"ನಾಳೆ ಕೇಕ್ ಕಟ್ ಮಾಡುವಾಗ ಇವಳ ಹತ್ರಾನೇ ಹೋದ್ರೆ ಫೋಟೋ ಹಾಳಾಗುತ್ತೆ, ನೋಡಿ," ಎಂದರು ಮೇಡಂ.

ಕೆಲಸ ಉಳಿಯಬೇಕಲ್ಲ, ತಿಪ್ಪಕ್ಕ ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದಳು. ಯಂತ್ರ ಗುಂಯ್ಗುಟ್ಟಿತು. ಮಗು ಸೆರಗು ಬಿಟ್ಟು ಮೇಡಂ ಕೊರಳಿಗೆ ಜೋತುಬಿತ್ತು. ಮೇಡಂ ಸೆಲ್ಫಿ ತೆಗೆದುಕೊಂಡರು. ಅವರ ತಾಯ್ತನ ಅಲ್ಲಿಗೆ ಮುಗಿದಿತ್ತು.

ಅಷ್ಟರಲ್ಲಿ ಮಗು ಅವರ ರೇಷ್ಮೆ ಸೀರೆಯ ಮೇಲೆ ಹಾಲು ಕಕ್ಕಿತು.

"ಛೀ! ತಿಪ್ಪಕ್ಕಾ, ತಗೋ ಇವನ್ನ!"

ತಿಪ್ಪಕ್ಕ ಕೈಚಾಚಿದಳು. ಮಗು ಗುಮ್ಮನನ್ನು ಕಂಡಂತೆ ಕಿರುಚಿ ಮೇಡಂ ಕೊರಳನ್ನು ಇನ್ನೂ ಬಿಗಿಯಾಗಿ ಅಪ್ಪಿತು.

"ಇದೇನ್ರೀ ಇದು? ವಾಪಸ್ ಮಾಡಿ! ನಾಡಿದ್ದು ನಂಗೆ ಸಿಂಗಪುರದಲ್ಲಿ ಮೀಟಿಂಗ್ ಇದೆ!"

"ವಾಪಸಾತಿಗೂ ತಿಪ್ಪಕ್ಕನ ಹೆಬ್ಬೆಟ್ಟು ಬೇಕು, ಮೇಡಂ," ಎಂದೆ. ಹೇಳುವಾಗ ನನಗೆ ಸಂತೋಷವೇ ಆಯಿತು.

ತಿಪ್ಪಕ್ಕ ಮಗುವನ್ನು ನೋಡಿದಳು.

"ಬ್ಯಾಡ್ರಮ್ಮಾ. ಎರಡು ಸಲ ಕಿತ್ರೆ ಕೂಸು ಇನ್ಯಾರನ್ನೂ ನಂಬಲ್ಲ," ಎಂದು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಜೊಲ್ಲು ಒರೆಸುವ ಬಟ್ಟೆಯನ್ನು ಮೇಡಂ ಕೈಗಿಟ್ಟು ಹೊರಟುಹೋದಳು.