ರೆಫರಿ ನೋಡದ ಫೌಲ್

“ನೋಡ್ಲಿಲ್ಲ ಅಂದ್ಬಿಡಿ. ಒಂದೇ ಮಾತು. ಮಿಕ್ಕಿದ್ದು ನನಗೆ ಬಿಡಿ.”

ಹೆಗಲ ಮೇಲೆ ಕೈ ಬಿದ್ದ ಕೂಡಲೇ ರೆಫರಿ ಬೆಚ್ಚಿಬಿದ್ದರು. ಶಿಸ್ತು ಸಮಿತಿಯ ಕಾರ್ಯದರ್ಶಿ ಮೆಟ್ಟಿಲಿನುದ್ದಕ್ಕೂ ಪಕ್ಕದಲ್ಲೇ ಹತ್ತಿ ಬಂದಿದ್ದರೂ ಅವರ ಗಮನಕ್ಕೆ ಬಂದಿರಲಿಲ್ಲ. ವಿಚಾರಣೆಯ ದಿನ ಯಾರಿಗೆ ತಾನೇ ಮೈಮೇಲೆ ಎಚ್ಚರ ಇರುತ್ತದೆ?

ಫುಟ್‌ಬಾಲ್ ಲೀಗಿನ ನಿಯಮ ವಿಚಿತ್ರವಾಗಿತ್ತು. ರೆಫರಿ ಕಣ್ಣಾರೆ ಕಂಡು ಬಿಟ್ಟುಬಿಟ್ಟ ಫೌಲನ್ನು ಪಂದ್ಯದ ನಂತರ ಯಾರೂ ಕೆದಕುವಂತಿಲ್ಲ. ವೀಡಿಯೊದಲ್ಲಿ ಎಷ್ಟೇ ಘೋರವಾಗಿ ಕಂಡರೂ ಅಷ್ಟೇ. ‘ನಾನು ನೋಡಲಿಲ್ಲ’ ಎಂದು ರೆಫರಿ ಹೇಳಿದರೆ ಮಾತ್ರ ಸಮಿತಿ ವೀಡಿಯೊ ಹಾಕಿ, ಆಟಗಾರನನ್ನು ಅಮಾನತು ಮಾಡಬಹುದು.

ಆ ವೀಡಿಯೊವನ್ನು ಊರೆಲ್ಲ ನೋಡಿತ್ತು. ಎದುರಾಳಿ ಹುಡುಗ ಚೆಂಡನ್ನು ದಾಟಿಸಿ ಆಗಿತ್ತು. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗಿತ್ತು. ಆಗ, ಅಭಿಮಾನಿಗಳು ಪ್ರೀತಿಯಿಂದ ‘ಗೂಳಿ’ ಎಂದು ಕರೆಯುವ ಡಿಫೆಂಡರ್ ಹಾರಿ ಬಂದು, ಬೂಟಿನ ಅಡಿಯನ್ನು ಅವನ ಮೊಣಕಾಲ ಕೆಳಗೆ ಇಳಿಸಿದ್ದ. ಮೂಳೆ ಎರಡು ತುಂಡಾಗಿತ್ತು. ರೆಫರಿಯ ಎಡ ಮಗ್ಗುಲಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ. ಅವರು ಸೀಟಿ ಊದಿದ್ದು ಸ್ಟ್ರೆಚರ್ ಕರೆಯುವುದಕ್ಕೆ ಮಾತ್ರ. ಕಾರ್ಡು ಜೇಬಿನಿಂದ ಹೊರಗೆ ಬರಲೇ ಇಲ್ಲ.

ಗೂಳಿಗೆ ಹೆದರಿದರು ಎಂದರು ಕೆಲವರು. ಅವನ ಕ್ಲಬ್ಬಿನವರು ಕೈ ಬೆಚ್ಚಗೆ ಮಾಡಿದ್ದಾರೆ ಎಂದರು ಹಲವರು.

“ಗಲಿಬಿಲೀಲಿ ಕಾರ್ಡು ತೆಗೀಲಿಲ್ಲ, ಅಷ್ಟೇ ತಾನೇ? ಯಾರಿಗಾದ್ರೂ ಆಗುತ್ತೆ,” ಎಂದರು ಕಾರ್ಯದರ್ಶಿ. “ಆದ್ರೆ ಆ ಹುಡುಗನಿಗೆ ನ್ಯಾಯ ಸಿಗ್ಬೇಕಲ್ವಾ? ಒಂದು ಸಣ್ಣ ಸುಳ್ಳು ಸಾರ್. ಭಾನುವಾರದ ಫೈನಲ್ ನಿಮಗೇ.”

ಫೈನಲ್! ರೆಫರಿ ಇಷ್ಟು ವರ್ಷ ಸೀಟಿ ಊದಿ, ಎರಡೂ ತಂಡಗಳಿಂದ ಬೈಸಿಕೊಂಡಿದ್ದು ಆ ಒಂದು ಪಂದ್ಯಕ್ಕಾಗಿಯೇ. ವರ್ಷಕ್ಕೊಮ್ಮೆ ಲೀಗಿನವರು ರೆಫರಿಗಳನ್ನೆಲ್ಲ ಮೈದಾನದ ಸುತ್ತ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ಈ ವಯಸ್ಸಿನಲ್ಲೂ ಅದರಲ್ಲಿ ಅವರೇ ಮೊದಲು. ಕಾರ್ಯದರ್ಶಿಯ ಕೈಯನ್ನು ಹೆಗಲಿಂದ ಇಳಿಸಿ ಅವರು ಮುಂದೆ ನಡೆದರು.

ವಿಚಾರಣೆಯ ಕೋಣೆಗೆ ನುಗ್ಗುವಾಗ ಅವರ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಕ್ಲಬ್ಬಿನ ವಕೀಲ ಮೀಸೆಯಡಿ ನಕ್ಕ. ಇಷ್ಟು ನಡುಗುವ ಮನುಷ್ಯನನ್ನು ಅಲ್ಲಾಡಿಸುವುದು ಎಡಗೈ ಕೆಲಸ ಎಂದುಕೊಂಡ. ಅವನ ಪಕ್ಕದಲ್ಲಿ ಗೂಳಿ ಹೊಸ ಕೋಟು ತೊಟ್ಟು ಕುಳಿತಿದ್ದ. ಗೋಡೆಯ ಬದಿಯ ಕುರ್ಚಿಯಲ್ಲಿ ಹುಡುಗನ ತಾಯಿ, ಆಸ್ಪತ್ರೆಯಿಂದ ನೇರ ಬಂದಿದ್ದಳು.

“ಫೌಲ್ ಆದಾಗ ನೀವು ಹತ್ತಿರದಲ್ಲೇ ಇದ್ರಿ, ಅಲ್ವಾ?” ವಕೀಲ ಶುರು ಮಾಡಿದ.

“ಇದ್ದೆ.”

“ಸದ್ದು ಕೇಳಿಸ್ತಾ?”

“ಕೇಳಿಸ್ತು. ಇನ್ನೂ ಕೇಳಿಸ್ತಾನೇ ಇದೆ.”

“ಹಾಗಾದ್ರೆ ನೋಡಿದ್ದೀರಿ.”

ರೆಫರಿ ತಲೆಯನ್ನು ಪೂರ್ತಿ ಹೊರಳಿಸಿ ಆ ತಾಯಿಯ ಕಡೆ ನೋಡಿದರು. “ಇಲ್ಲ. ನೋಡಲಿಲ್ಲ.”

“ಮಧ್ಯ ಯಾರಾದ್ರೂ ಅಡ್ಡ ಇದ್ರಾ?”

“ಯಾರೂ ಇರಲಿಲ್ಲ.”

ಕಾರ್ಯದರ್ಶಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹೇಳುವ ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದೇ? ವಕೀಲ ಎದ್ದು ನಿಂತು ಕೂಗಾಡಿದ. ಸಮಿತಿಯ ಅಧ್ಯಕ್ಷರು ಕೈಯೆತ್ತಿದರು. ನೋಡಿದ್ದು, ನೋಡದ್ದು ರೆಫರಿಗೆ ಬಿಟ್ಟ ವಿಷಯ, ಅವರ ಮಾತೇ ಕೊನೆ ಮಾತು ಎಂದರು. ವೀಡಿಯೊ ಹಾಕಿದರು. ಕಾಲು ಮುರಿಯುವ ಹೊತ್ತಿಗೆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗೂಳಿಗೆ ಉಳಿದ ಋತುವಿಡೀ ಅಮಾನತು.

ಹೊರಗೆ ಗೂಳಿ ರೆಫರಿಯ ದಾರಿಗೆ ಅಡ್ಡ ನಿಂತ. ಅವನ ದನಿಯಲ್ಲಿ ಕೋಪಕ್ಕಿಂತ ಗೊಂದಲವೇ ಹೆಚ್ಚಿತ್ತು.

“ಸಾರ್, ಶುರುವಿನಲ್ಲೇ ಎರಡು ಸಲ ಆ ಹುಡುಗನಿಗೆ ಒದ್ದಿದ್ದೆ. ಅದೂ ನಿಮ್ಮ ಪಕ್ಕದಲ್ಲೇ. ರೆಫರಿ ಎಷ್ಟು ಬಿಡ್ತಾರೆ ಅಂತ ಎಲ್ಲರೂ ಮೊದಲು ಅಳತೆ ನೋಡ್ತೀವಿ, ನಿಮಗೆ ಗೊತ್ತಿಲ್ದೇ ಇರೋದಾ? ನೀವು ಸುಮ್ನಿದ್ರಿ. ಇವತ್ತು ಇಷ್ಟಕ್ಕೆಲ್ಲ ಅಡ್ಡಿಯಿಲ್ಲ ಅಂದ್ಕೊಂಡೆ. ಕಾಲು ಮುರಿದದ್ದು ನನ್ನ ತಪ್ಪೇ. ಆದ್ರೆ ಸುಳ್ಳು ನಿಮ್ಮದು.”

“ಎರಡು ಸಲಾನಾ?” ರೆಫರಿಯ ಮುಖ ಬಿಳಿಚಿಕೊಂಡಿತು.

ಗೂಳಿ ತಲೆ ಕೊಡವಿ ಹೊರಟುಹೋದ. ಅಷ್ಟರಲ್ಲಿ ಹುಡುಗನ ತಾಯಿ ಅವರ ಎಡಕ್ಕೆ ಬಂದು ಎರಡೂ ಕೈ ಜೋಡಿಸಿದಳು. ರೆಫರಿ ಅವಳ ಕಡೆ ತಿರುಗದೆ ಮುಂದೆ ನಡೆದುಬಿಟ್ಟರು. ಅವಳಿಗೆ ಬೇಜಾರಾಗಲಿಲ್ಲ. “ದೊಡ್ಡ ಮನುಷ್ಯರು. ಉಪಕಾರ ಮಾಡಿದ್ರೂ ತೋರಿಸ್ಕೊಳ್ಳೋದಿಲ್ಲ,” ಎಂದು ಕಣ್ಣೊರೆಸಿಕೊಂಡಳು.

ಮೆಟ್ಟಿಲ ಬಳಿ ಕಾರ್ಯದರ್ಶಿ ಓಡಿ ಬಂದು ಹಿಡಿದರು. “ಏನು ಸಾರ್ ನೀವು! ಯಾರೋ ಅಡ್ಡ ಇದ್ರು ಅನ್ನೋಕೆ ಏನಾಗಿತ್ತು? ನನ್ನ ಜೀವ ಬಾಯಿಗೆ ಬಂದಿತ್ತು. ಹೋಗ್ಲಿ, ಕೆಲಸ ಆಯ್ತು. ಫೈನಲ್ ನಿಮ್ಮದೇ.”

ರೆಫರಿ ಜೇಬಿನಿಂದ ಸೀಟಿ ತೆಗೆದರು. ಹಿಡಿಯುವ ಜಾಗದಲ್ಲಿ ಅದರ ಬಣ್ಣ ಸವೆದುಹೋಗಿತ್ತು. ಅದನ್ನು ಕಾರ್ಯದರ್ಶಿಯ ಅಂಗೈಗೆ ಹಾಕಿ ಬೆರಳು ಮಡಚಿದರು.

“ಒಂದು ಸುಳ್ಳಿಗೆ ಇಷ್ಟು ಮನಸ್ಸು ಕೆಡಿಸಿಕೊಳ್ಳೋದಾ? ನೀವು ಬಾಯಿ ಬಿಟ್ಟಿದ್ದಕ್ಕೆ ತಾನೇ ಆ ಹುಡುಗನಿಗೆ ನ್ಯಾಯ ಸಿಕ್ಕಿದ್ದು!”

“ಹೋದ ವರ್ಷವೇ ಬಾಯಿ ಬಿಟ್ಟಿದ್ರೆ ಅವನ ಕಾಲು ಉಳೀತಿತ್ತು.”

ಕಾರ್ಯದರ್ಶಿಗೆ ತಲೆಬುಡ ತಿಳಿಯಲಿಲ್ಲ. ರೆಫರಿ ಅವರಿಗೆ ಎದುರಾಗಿ ನಿಂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು.

“ನಾನು ಹೇಳಿದ್ದು ಸುಳ್ಳಲ್ಲ ಸಾರ್. ಹೀಗೆ ನಿಂತ್ರೆ, ಈಗ ನನಗೆ ನೀವೂ ಕಾಣೋದಿಲ್ಲ.”