ತಣ್ಣಗಿನ ಭಾನುವಾರಗಳು

ಅರ್ಧ ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೇ ಬಿಟ್ಟು ಅವಳು ಕೋಣೆಗೆ ಓಡಿದಳು. ತೊಟ್ಟಿಲಲ್ಲಿ ಪಾಪು ಮತ್ತೆ ಚೀರುತ್ತಿತ್ತು. ಕತ್ತು, ಕಂಕುಳು, ಬೆನ್ನು, ಎಲ್ಲೆಲ್ಲೂ ಬೆವರುಸಾಲೆ. ಮಗುವನ್ನು ಎತ್ತಿಕೊಂಡು, ತೊಟ್ಟಿಲ ಪಕ್ಕದ ಕಿಟಕಿಯನ್ನು ಇನ್ನಷ್ಟು ಅಗಲಕ್ಕೆ ತೆರೆದಳು. ಮನೆಗೆ ಗಾಳಿ ಬರುವುದು ಅದೊಂದರಿಂದಲೇ.

“ಬಟ್ಟೆ ಜಾಸ್ತಿ ಸುತ್ತಿದ್ದೀಯ,” ಎಂದ ಗಂಡ, ಬ್ಯಾಗಿನ ಜಿಪ್ಪು ಎಳೆಯುತ್ತ.

“ಮೈಮೇಲೆ ಒಂದು ಎಳೆ ಇಲ್ಲ. ಕಣ್ಣು ಬಿಟ್ಟು ನೋಡ್ರೀ.”

ಹತ್ತೂವರೆಯ ಬಸ್ಸಿಗೆ ಅವಳೂ ಪಾಪುವೂ ತವರಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಸೆಕೆ ಇಳಿಯುವ ತನಕ, ಅಂದರೆ ಎರಡು ತಿಂಗಳು. ಏಳು ವರ್ಷದ ಪುಟ್ಟಿಗೆ ಸ್ಕೂಲಿದೆ. ಅವಳು ಅಪ್ಪನ ಜೊತೆ ಇಲ್ಲೇ. ಸ್ಕೂಲು ಬಿಟ್ಟ ಮೇಲೆ ಕೆಳಗಡೆ ಓನರಮ್ಮನ ಮನೆ. ಅದನ್ನು ಕೇಳಿದಾಗಿನಿಂದ ಪುಟ್ಟಿಯ ಊಟ ಅರ್ಧವಾಗಿತ್ತು. ಸ್ಕೂಲಿಂದ ಬಂದವಳೇ ಕಿಟಕಿಯ ಕಂಬಿಗಳ ನಡುವೆ ಮುಖ ತೂರಿಸಿ ಕೂತಿರುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದು, ಹಾಗೇ ಮುಚ್ಚುತ್ತಿದ್ದಳು.

ಈ ಧಗೆ ಶುರುವಾಗಿ ಒಂದು ತಿಂಗಳು. ಹೇಳಿದರೆ ಗಂಡ ನಂಬಬೇಕಲ್ಲ! ಅವನು ಏ.ಸಿ. ಮೆಕ್ಯಾನಿಕ್, ಬಿಸಿ, ತಂಪಿನ ವಿಷಯದಲ್ಲಿ ಅವನಿಗೆ ಪಾಠ ಹೇಳುವವರಿಲ್ಲ. ಏಳಕ್ಕೆ ಹೊರಟರೆ ಕತ್ತಲಾದ ಮೇಲೇ ಮನೆ. ಅವನು ಹಗಲು ಮನೆಯಲ್ಲಿರುವುದು ಭಾನುವಾರ ಮಾತ್ರ. ಅವತ್ತು ಓನರಮ್ಮ ಬೆಳಿಗ್ಗೆಯೇ ಮಗಳ ಮನೆಗೆ ಹೋಗಿಬಿಡುತ್ತಿದ್ದರು. ಮನೆಯೆಲ್ಲ ನಿಶ್ಶಬ್ದ. ಅದೇ ಕಿಟಕಿಯಿಂದ ತಣ್ಣನೆಯ ಗಾಳಿ.

“ಎಲ್ಲಿದೆ ನಿನ್ನ ಸೆಕೆ? ಕರಿ ಅದನ್ನ, ಮಾತಾಡ್ಸೋಣ,” ಎಂದು ಅವನು ಚಾಪೆಯ ಮೇಲೆ ಕಾಲು ಚಾಚುತ್ತಿದ್ದ.

ಅವಳಿಗೆ ತನ್ನ ಮೇಲೇ ಅನುಮಾನ ಹುಟ್ಟಿತ್ತು. ನಿದ್ದೆಗೆಟ್ಟದ್ದಕ್ಕೋ ಏನೋ, ವಾರವೆಲ್ಲ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬೇರೆ.

ಓನರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಅಯ್ಯೋ, ಕೂಸು ಬೆಂದುಹೋಗಿದೆಯಲ್ಲೇ! ಬಸ್ಸಿನ ಹೊತ್ತಿನ ತನಕ ನನ್ನ ರೂಮಲ್ಲಿ ಮಲಗಿಸು. ಏ.ಸಿ. ಹಾಕೇ ಬಂದಿದ್ದೀನಿ. ರಾತ್ರಿ ಹಾಕಿದ್ರೆ ಮಂಡಿ ಹಿಡ್ಕೊಳ್ಳತ್ತೆ, ಹಗಲೆಲ್ಲ ಅದೇ ನನ್ನ ಪ್ರಾಣ.” ಗಂಡನ ಕಡೆ ತಿರುಗಿದರು. “ಏನು ಕೈಚಳಕಪ್ಪ ನಿಂದು! ಬೀದಿಯಲ್ಲಿ ನಿಂತು ನೋಡಿದ್ರೆ ಏ.ಸಿ. ಇದೆ ಅಂತಾನೇ ಗೊತ್ತಾಗಲ್ಲ.”

ಅವನು ಹಿಗ್ಗಿದ. ಅಮ್ಮನನ್ನು ಬಸ್ಸು ಹತ್ತಿಸಲೆಂದು ಇವತ್ತು ಸ್ಕೂಲು ತಪ್ಪಿಸಿದ್ದ ಪುಟ್ಟಿ ಅವನ ಅಂಗಿ ಜಗ್ಗಿದಳು.

“ಅಪ್ಪಾ, ಅದು ತಂಪು ಎಲ್ಲಿಂದ ತರತ್ತೆ?”

“ತರಲ್ಲ ಪುಟ್ಟಿ. ರೂಮಲ್ಲಿರೋ ಬಿಸೀನ ಪೈಪಿನೊಳಗಿನ ಗ್ಯಾಸು ಹೀರ್ಕೊಂಡು ಆಚೆ ಒಯ್ಯತ್ತೆ. ಆಚೆ ಒಂದು ದೊಡ್ಡ ಡಬ್ಬ, ಅದರಲ್ಲಿ ಫ್ಯಾನು. ಬಿಸೀನೆಲ್ಲ ಅದು ಊದಿಬಿಡತ್ತೆ, ಗ್ಯಾಸು ಮತ್ತೆ ಒಳಗೆ. ಕಸ ಗುಡಿಸಿ ಹೊರಗೆ ಹಾಕ್ತೀವಲ್ಲ, ಹಾಗೆ.”

“ಹೊರಗೆ ಅಂದ್ರೆ...”

“ಹೊತ್ತಾಯ್ತು, ತಲೆ ತಿನ್ನಬೇಡ,” ಎಂದು ಹಣೆ ಒರೆಸಿಕೊಂಡ. ವಾರದ ದಿನ ಈ ಹೊತ್ತಿನಲ್ಲಿ ಅವನು ಮನೆಯಲ್ಲಿದ್ದದ್ದು ಇದೇ ಮೊದಲು. ಅಂಗಿಯ ಗುಂಡಿ ಬಿಚ್ಚಿ, ಗಾಳಿಗೆಂದು ಕಿಟಕಿಯ ಮುಂದೆ ನಿಂತ. “ನೀನು ಹೇಳಿದ್ದು ನಿಜ ಕಣೇ, ಸುಡ್ತಾ ಇದೆ. ಈ ಮನೆ ಕಟ್ಟಿದವನಿಗೆ ಒಂದಿಷ್ಟೂ ಬುದ್ಧಿ ಇರಲಿಲ್ಲ ಅನ್ಸತ್ತೆ.”

ಅವಳು ಪಾಪುವನ್ನು ಹೆಗಲಿಗೆ ಹಾಕಿಕೊಂಡೇ ಪುಟ್ಟಿಯ ಮುಂದೆ ಕೂತು ಗಲ್ಲ ಹಿಡಿದಳು. “ಅಮ್ಮ ಯಾವಾಗ ವಾಪಸ್ ಬರ್ತಾಳೆ ಅಂತ ತಾನೆ? ಕೇಳು ಕಂದ. ಯಾರೂ ಬೈಯಲ್ಲ.”

ಪುಟ್ಟಿ ಅಲ್ಲವೆಂದು ತಲೆಯಾಡಿಸಿ, ಅಪ್ಪನ ಕಡೆ ತಿರುಗಿದಳು.

“ಓನರಜ್ಜಿ ಮನೆ ಬಿಸಿ ಊದೋ ಡಬ್ಬಾನ ಪಾಪು ಕಿಟಕಿ ಕೆಳಗೇ ಯಾಕಪ್ಪಾ ಇಟ್ಟೆ?”